ದಿ ಅಮೇಝಿಂಗ್ ಸ್ಪೈಡರ್-ಮ್ಯಾನ್ 2: ಜೋಕಾಲಿ ಚೆನ್ನಾಗಿದ್ದೂ ಆಟ ಏಕೆ ಬೇಸರ ತರಿಸುತ್ತದೆ?

ಗಾಂಧಿಬಜಾರ್ ಗೇಮರ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕುಗಳನ್ನು ತಡಕುತ್ತಿದ್ದಾಗ, 2014ರಲ್ಲಿ ಅದೇ ಹೆಸರಿನ ಸಿನಿಮಾದ ಬೆನ್ನಿಗೇ ಬಿಡುಗಡೆಯಾದ ‘ದಿ ಅಮೇಝಿಂಗ್ ಸ್ಪೈಡರ್-ಮ್ಯಾನ್ 2’ ಗೇಮಿನ ಪಿಎಸ್4 (ಪ್ಲೇಸ್ಟೇಷನ್ 4 ಎಂಬ ಗೇಮ್ ಯಂತ್ರ, ಅಂದರೆ ಕನ್ಸೋಲ್) ಪ್ರತಿ ಸಿಕ್ಕಿತು. ಬೀನಾಕ್ಸ್ ಸ್ಟುಡಿಯೋ ರೂಪಿಸಿ ಆಕ್ಟಿವಿಷನ್ ಹೊರತಂದ ಆಟವಿದು. ನಾನೂ ನನ್ನ ಅಕ್ಕನ ಮಗನೂ ಸರದಿಯಂತೆ ಕಂಟ್ರೋಲರ್ ಹಿಡಿದು ಕಥೆಯನ್ನು ಕೊನೆಯವರೆಗೆ ಆಡಿ ಮುಗಿಸಿದ್ದೇವೆ.

ಕಟ್ಟಡದಿಂದ ಕಟ್ಟಡಕ್ಕೆ ಜೀಕುತ್ತಾ ಸಾಗುವ ಭಾಗ ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಕಂಟ್ರೋಲರಿನ ಎಡ ಟ್ರಿಗರ್ (ತೋರುಬೆರಳಿನ ಬಟನ್) ಒತ್ತಿದರೆ ಎಡಗೈಯಿಂದಲೂ ಬಲ ಟ್ರಿಗರ್ ಒತ್ತಿದರೆ ಬಲಗೈಯಿಂದಲೂ ಬಲೆಯ ಎಳೆ ಹೊರಡುತ್ತದೆ, ಆದರೆ ಆಯಾ ಪಕ್ಕದಲ್ಲಿ ಅಂಟಿಕೊಳ್ಳಲು ಏನಾದರೂ ಆಸರೆ ಇರಬೇಕು. ಕಟ್ಟಡಗಳ ತುದಿಗಿಂತ ಮೇಲಕ್ಕೆ ಹೋದರೆ ಹಿಡಿತ ತಪ್ಪಿ ಕೆಳಗಿಳಿಯಲೇಬೇಕಾಗುತ್ತದೆ. ಇದನ್ನು ಯಾರೋ ಮನಸ್ಸಿಟ್ಟು ಮಾಡಿದ್ದಾರೆ ಎಂಬುದು ಹತ್ತು ನಿಮಿಷದಲ್ಲೇ ತಿಳಿಯುತ್ತದೆ.

ಹಾಗಿದ್ದೂ ಆಟ ನಮ್ಮಿಬ್ಬರನ್ನೂ ದಣಿಸಿತು. ‘ಹೀರೋ ಆರ್ ಮೆನೇಸ್’ (ನಾಯಕನೋ ಪೀಡೆಯೋ) ಎಂಬ ಒಂದು ಅಳತೆ ಇದರಲ್ಲಿದೆ. ನಗರದಲ್ಲಿ ನಡೆಯುವ ಅಪರಾಧಗಳನ್ನು ತಡೆದರೆ ಒಳ್ಳೆಯ ಹೆಸರು ಬರುತ್ತದೆ; ಅವುಗಳನ್ನು ಬಿಟ್ಟು ಮುಂದೆ ಹೋದರೆ ಹೆಸರು ಕೆಟ್ಟು, ಒಂದು ಸಶಸ್ತ್ರ ಕಾರ್ಯಪಡೆ ಡ್ರೋನುಗಳ ಸಮೇತ ನಮ್ಮ ಬೆನ್ನು ಹತ್ತುತ್ತದೆ. ಕಥೆಯ ಮಿಷನ್ನಿಗೆ ಹೊರಟವನು ದಾರಿಯಲ್ಲಿ ಬೆಂಕಿ ಬಿದ್ದ ಕಟ್ಟಡದಿಂದ ಜನರನ್ನು ಹೊತ್ತು ತರಬೇಕು, ಓಡುವ ಕಾರನ್ನು ಬಲೆಯಿಂದ ನಿಲ್ಲಿಸಬೇಕು, ಬೀದಿಯ ಪುಂಡರನ್ನು ಬಡಿಯಬೇಕು. ಅಷ್ಟು ಮುಗಿಸಿ ತಲೆಯೆತ್ತುವಷ್ಟರಲ್ಲಿ ನಕಾಶೆಯಲ್ಲಿ ಮತ್ತೆ ಅವೇ ಗುರುತುಗಳು ಮೂಡಿರುತ್ತವೆ. ಸುಮ್ಮನೆ ನಗರದ ಮೇಲೆ ಸುತ್ತಾಡೋಣವೆಂದರೆ ಅದಕ್ಕೂ ದಂಡ ತೆರಬೇಕು.

ಸಿನಿಮಾ ಆಧರಿಸಿದ ಗೇಮುಗಳು ಹೀಗಾಗುವುದಕ್ಕೆ ಬಿಡುಗಡೆಯ ದಿನದ ಅವಸರವೊಂದೇ ಕಾರಣವೇ, ಅಥವಾ ಯೋಚನೆಯಲ್ಲೇ ಕೊರತೆಯಿದೆಯೇ? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಎಚ್‌ಎಸ್‌ಆರ್ ಡೆವಲಪರ್ ಬರೆದದ್ದು:

ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತೇನೆ. ಹೊರದೇಶದ ಗೇಮುಗಳಿಗೆ ಕಟ್ಟಡ, ವಾಹನ, ರಸ್ತೆಬದಿಯ ಸಾಮಾನುಗಳ ಮಾಡೆಲ್ ತಯಾರಿಸಿ ಕೊಡುವುದು ನಮ್ಮ ತಂಡದ ಕಸುಬು. ಆದ್ದರಿಂದ ಅವಸರದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿಯಾಗಿಯೇ ಇದೆ.

ಸಾಮಾನ್ಯ ಗೇಮ್ ಆದರೆ, ಕೆಲಸ ಮುಗಿಯದಿದ್ದಾಗ ಬಿಡುಗಡೆಯನ್ನು ಮುಂದಕ್ಕೆ ಹಾಕಬಹುದು. ಸಿನಿಮಾ ಬಿಡುಗಡೆಗೆ ಕಟ್ಟುಬಿದ್ದ ಗೇಮಿಗೆ ಆ ಅನುಕೂಲ ಕಡಿಮೆ, ಏಕೆಂದರೆ ಚಿತ್ರಮಂದಿರದಲ್ಲಿ ಪೋಸ್ಟರ್ ಇರುವಾಗಲೇ ಡಿಸ್ಕ್ ಅಂಗಡಿಯಲ್ಲಿರಬೇಕು. ಬೀನಾಕ್ಸಿನ ಹಿಂದಿನ ಕೆಲಸವನ್ನೇ ನೋಡಿ: 2010ರಲ್ಲಿ ‘ಶ್ಯಾಟರ್ಡ್ ಡೈಮೆನ್ಷನ್ಸ್’, 2011ರಲ್ಲಿ ‘ಎಡ್ಜ್ ಆಫ್ ಟೈಮ್’, 2012ರಲ್ಲಿ ಮೊದಲನೆಯ ‘ಅಮೇಝಿಂಗ್ ಸ್ಪೈಡರ್-ಮ್ಯಾನ್’, 2014ರಲ್ಲಿ ನೀವು ಆಡಿದ ಗೇಮ್. ಎಲ್ಲವೂ ಸ್ಪೈಡರ್-ಮ್ಯಾನ್ ಗೇಮುಗಳೇ. ಮೇಲಾಗಿ 2014ರದ್ದು ಪಿಎಸ್3, ಪಿಎಸ್4, ಎಕ್ಸ್‌ಬಾಕ್ಸ್ 360, ಎಕ್ಸ್‌ಬಾಕ್ಸ್ ಒನ್, ವೀ ಯೂ, ಪಿಸಿ ಎಲ್ಲಕ್ಕೂ ಬಂದ ಆಟ. ಹಳೆಯ ತಲೆಮಾರಿನ ಕನ್ಸೋಲಿನಲ್ಲೂ ಓಡಬೇಕಾದ ನಗರ ಹೊಸ ಕನ್ಸೋಲಿನಲ್ಲಿ ಬೋಳುಬೋಳಾಗಿ ಕಂಡರೆ ನಾನಂತೂ ಆಶ್ಚರ್ಯಪಡುವುದಿಲ್ಲ.

ಕಥೆಯಲ್ಲಿಯೂ ಈ ಇಕ್ಕಟ್ಟಿನ ಗುರುತುಗಳಿವೆ ಎಂದು ನನಗನ್ನಿಸುತ್ತದೆ. ಸಿನಿಮಾದ ಪ್ರಧಾನ ಖಳನಾದ ಎಲೆಕ್ಟ್ರೋ ಗೇಮಿನಲ್ಲಿ ಹೆಚ್ಚುಕಡಿಮೆ ಒಂದು ಬಾಸ್ ಫೈಟಿಗೆಂದು (ದೊಡ್ಡ ಖಳನೊಡನೆ ನಡೆಯುವ ಕಾದಾಟ) ಬಂದು ಹೋಗುತ್ತಾನೆ. ಕ್ರೇವನ್, ಕಿಂಗ್‌ಪಿನ್, ಕಾರ್ನೇಜ್ ಎಂಬ ಇತರ ಖಳರ ಕಥೆ ಬೇರೆಯೇ ದಿಕ್ಕಿನಲ್ಲಿ ಸಾಗುತ್ತದೆ. ಸಿನಿಮಾ ನೋಡಿ ಬಂದವನಿಗೆ ಅದರ ಕಥೆಯೂ ಪೂರ್ತಿ ಸಿಗುವುದಿಲ್ಲ, ಹೊಸ ಕಥೆಗೂ ನೆಲೆ ನಿಲ್ಲಲು ಜಾಗ ಸಾಲುವುದಿಲ್ಲ.

ಮಲ್ಲೇಶ್ವರದ ಹಳೇ ಕನ್ಸೋಲ್ ಬರೆದದ್ದು:

ಮೇಲಿನ ಮಿತ್ರರ ಅನುಭವವನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ದಿನಾಂಕದ ಒತ್ತಡ ಟ್ರೇಆರ್ಕ್ ಸ್ಟುಡಿಯೋ ಮಾಡಿದ 2004ರ ‘ಸ್ಪೈಡರ್-ಮ್ಯಾನ್ 2’ ಗೇಮಿಗೂ ಇತ್ತು. ಅದೂ ಸಿನಿಮಾ ತೆರೆಕಂಡ ವಾರದಲ್ಲೇ ಬಂದದ್ದು. ರೇವನ್ ಸಾಫ್ಟ್‌ವೇರಿನ ‘ಎಕ್ಸ್-ಮೆನ್ ಆರಿಜಿನ್ಸ್: ವುಲ್ವರಿನ್’ 2009ರ ಮೇ 1ರಂದು, ಅಮೆರಿಕದಲ್ಲಿ ಸಿನಿಮಾ ಬಿಡುಗಡೆಯಾದ ದಿನವೇ ಅಂಗಡಿಗೆ ಬಂತು, ಮತ್ತು ಸಿನಿಮಾಕ್ಕಿಂತ ಗೇಮೇ ವಾಸಿ ಎಂದವರು ಬಹಳ ಜನ. ಇನ್ನೊಂದು ಕಡೆ, ‘ಸೂಪರ್‌ಮ್ಯಾನ್ ರಿಟರ್ನ್ಸ್’ ಸಿನಿಮಾ 2006ರ ಜೂನಿನಲ್ಲಿ ತೆರೆಕಂಡರೆ, ಗೇಮಿಗೆ ನವೆಂಬರ್‌ವರೆಗೂ ಸಮಯ ಸಿಕ್ಕಿತು. ಅಷ್ಟಾದರೂ ಅದು ಉದ್ಧಾರವಾಗಲಿಲ್ಲ. (ಸೂಪರ್‌ಮ್ಯಾನನಿಗೆ ಪೆಟ್ಟು ತಾಗದು, ಆದ್ದರಿಂದ ಉಳಿದ ಜೀವಬಲ ತೋರಿಸುವ ಆರೋಗ್ಯದ ಪಟ್ಟಿ ನಾಯಕನದ್ದಲ್ಲ, ನಗರದ್ದು ಎಂಬ ಅದರ ಕಲ್ಪನೆ ಮಾತ್ರ ಬಹಳ ಜಾಣತನದ್ದು.)

ನನ್ನ ಪ್ರಕಾರ ದೋಷವಿರುವುದು ನಾಯಕನ ಶಕ್ತಿಗೂ ಅವನಿಗೆ ಒಪ್ಪಿಸುವ ಕೆಲಸಕ್ಕೂ ಇರಬೇಕಾದ ಸಂಬಂಧದಲ್ಲಿ. 2004ರ ಗೇಮಿನಲ್ಲಿ ಪಿಜ್ಜಾ ತಲುಪಿಸುವ ಕೆಲಸವೊಂದಿತ್ತು, ನೆನಪಿದೆಯೇ? ಎಲ್ಲರೂ ನಗುತ್ತಾರೆ, ಆದರೆ ಅದರ ಕಟ್ಟನ್ನು ಗಮನಿಸಿ. ಗಡಿಯಾರ ಓಡುತ್ತಿರುತ್ತದೆ, ಬೆನ್ನ ಮೇಲಿನ ಪಿಜ್ಜಾ ಹಾಳಾಗಬಾರದು, ಎಳೆಯನ್ನು ಯಾವ ಕ್ಷಣದಲ್ಲಿ ಬಿಡಬೇಕು, ಯಾವ ಮೂಲೆಯಲ್ಲಿ ತಿರುಗಬೇಕು ಎಂಬುದನ್ನು ಕೈಗಳೇ ಕಲಿಯಬೇಕು. ಅಂದರೆ ಜೀಕುವ ಕಲೆಗೇ ಅಲ್ಲಿ ಪರೀಕ್ಷೆ. ಅಪರಾಧ ತಡೆದು ಗಳಿಸಿದ ಹೀರೋ ಪಾಯಿಂಟುಗಳಿಂದ ಇನ್ನೂ ವೇಗವಾಗಿ ಜೀಕುವ ಶಕ್ತಿಯನ್ನು ಕೊಂಡುಕೊಳ್ಳಬಹುದಿತ್ತು. ಅಪರಾಧಗಳು ಅಲ್ಲಿಯೂ ಮರುಕಳಿಸುತ್ತಿದ್ದವು, ಪಾಯಿಂಟ್ ಸಾಲದಿದ್ದರೆ ಕಥೆ ಮುಂದೆ ಸಾಗದೆ ಬೇಸರವಾಗುತ್ತಿದ್ದದ್ದೂ ನಿಜ. ಆದರೆ ದುಡಿದದ್ದು ಮರಳಿ ಜೀಕುವ ಸುಖಕ್ಕೇ ಜಮೆಯಾಗುತ್ತಿತ್ತು.

2014ರ ಗೇಮಿನಲ್ಲಿ ಜೀಕುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ದಾರಿಯಷ್ಟೇ. ಕೆಲಸ ಶುರುವಾದ ಮೇಲೆ ಅದನ್ನು ಬದಿಗಿಟ್ಟು ಗುದ್ದಾಟಕ್ಕೋ ತೋರಿಸಿದ ಬಟನ್ ಒತ್ತುವುದಕ್ಕೋ ಇಳಿಯಬೇಕು. ಗುದ್ದಾಟವಾದರೂ ಹೊಸತೇ? ಶತ್ರುವಿನ ಪೆಟ್ಟಿನ ಮುನ್ಸೂಚನೆ ಕಂಡೊಡನೆ ತಪ್ಪಿಸಿಕೊಂಡು ತಿರುಗಿ ಹೊಡೆಯುವ ಆ ಪದ್ಧತಿಯನ್ನು 2009ರ ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ ಚೆನ್ನಾಗಿ ರೂಢಿಗೆ ತಂದಿತ್ತು, ಮತ್ತು ಆ ಗೇಮ್ ಯಾವ ಸಿನಿಮಾದ ಬೆನ್ನಿಗೂ ಬಿದ್ದಿರಲಿಲ್ಲ. ಇಲ್ಲಿರುವುದು ಅದರ ತೆಳುವಾದ ನೆರಳು.

ಮೆನೇಸ್ ಅಳತೆಯ ವಿಷಯದಲ್ಲಿ ನಿಮ್ಮ ದೂರು ಸಂಪೂರ್ಣ ಸರಿ. ಜನಕ್ಕೆ ಒಳಿತು ಮಾಡಿಯೂ ಬೈಸಿಕೊಳ್ಳುವುದು ಸ್ಪೈಡರ್-ಮ್ಯಾನನ ಹಣೆಬರಹ, ಕಾಮಿಕ್ಸ್ ಓದಿದವರಿಗೆ ಇದು ಗೊತ್ತಿರುವ ಸಂಗತಿ. ಈ ಗೇಮ್ ಆ ಹಣೆಬರಹವನ್ನು ತಲೆಕೆಳಗು ಮಾಡಿ, ಹಾಜರಿ ಹಾಕಿದವನಿಗೆ ಹೊಗಳಿಕೆ, ಹಾಕದವನಿಗೆ ಡ್ರೋನ್ ಎಂಬ ಕಚೇರಿಯ ಲೆಕ್ಕಕ್ಕೆ ಇಳಿಸಿದೆ. ಇದನ್ನು ಕಾಗದದ ಮೇಲೆ ಬರೆದಾಗಲೇ ಯಾರಾದರೂ ತಡೆಯಬಹುದಿತ್ತು. ಇನ್ನೂ ಆರು ತಿಂಗಳು ಕೊಟ್ಟಿದ್ದರೆ ಇದೇ ಅಳತೆ ಇನ್ನಷ್ಟು ನಯವಾಗಿ ಕಾಡುತ್ತಿತ್ತು, ಅಷ್ಟೆ.

ಎಚ್‌ಎಸ್‌ಆರ್ ಡೆವಲಪರ್ ಬರೆದದ್ದು:

ವುಲ್ವರಿನ್ ಉದಾಹರಣೆಯನ್ನು ಒಪ್ಪುತ್ತೇನೆ. ಆದರೆ ಕಾಗದದ ಮೇಲಿನ ತಪ್ಪು ಬಹುಪಾಲು ಆಡಿ ನೋಡಿದಾಗಲೇ ತಿಳಿಯುವುದು. ಆಡಿ ನೋಡಿ, ಬೇಡವೆನಿಸಿದ್ದನ್ನು ಕಿತ್ತುಹಾಕಿ, ಅದರ ಜಾಗಕ್ಕೆ ಬೇರೆಯದನ್ನು ಕಟ್ಟುವುದಕ್ಕೆ ಸಮಯ ಬೇಕು. ಇನ್ಸೋಮ್ನಿಯಾಕ್ ಸ್ಟುಡಿಯೋದ 2018ರ ‘ಸ್ಪೈಡರ್-ಮ್ಯಾನ್’ ಯಾವ ಸಿನಿಮಾಕ್ಕೂ ಅಂಟಿಕೊಂಡದ್ದಲ್ಲ. ಅಲ್ಲಿಯೂ ಬೀದಿಯ ಅಪರಾಧಗಳು ಬೇಕಾದಷ್ಟಿವೆ, ಆದರೆ ಬಿಟ್ಟು ಹೋದರೆ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ.

ವಿಜಯನಗರ ವಾಸಿ ಬರೆದದ್ದು:

ಚರ್ಚೆಯ ನಡುವೆ ಒಂದು ವ್ಯವಹಾರದ ಮಾತು. ಈ ಡಿಸ್ಕನ್ನು ಬೇಸರದಲ್ಲಿ ಮಾರಿಬಿಡಬೇಡಿ. ಆಕ್ಟಿವಿಷನ್ ಹೊರತಂದ ಈ ಅಮೇಝಿಂಗ್ ಸ್ಪೈಡರ್-ಮ್ಯಾನ್ ಗೇಮುಗಳನ್ನು 2017ರ ಆರಂಭದಲ್ಲಿ ಸ್ಟೀಮ್ ಮೊದಲಾದ ಆನ್‌ಲೈನ್ ಅಂಗಡಿಗಳಿಂದ ತೆಗೆಯಲಾಯಿತು. ಆದ್ದರಿಂದ ಹೊಸದಾಗಿ ಡೌನ್‌ಲೋಡ್ ಕೊಳ್ಳಲಾಗದು, ಹಳೆಯ ಡಿಸ್ಕೇ ಗತಿ. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಗುರುತನ್ನು ನೋಡಿಯೇ ಕೊಳ್ಳಿ, ಏಕೆಂದರೆ ಪಿಎಸ್3 ಡಿಸ್ಕ್ ಪಿಎಸ್4ರಲ್ಲಿ ಓಡುವುದಿಲ್ಲ. ಡಿಸ್ಕಿನ ಹಿಂಬದಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಗೀರುಗಳನ್ನು ಪರೀಕ್ಷಿಸುವುದನ್ನೂ ಮರೆಯಬೇಡಿ, ಅಂಗಡಿಯವರು ಬೇಡವೆನ್ನುವುದಿಲ್ಲ.

ಗಾಂಧಿಬಜಾರ್ ಗೇಮರ್ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಪಿಜ್ಜಾದ ಉದಾಹರಣೆಯಿಂದ ವಿಷಯ ನನಗೆ ಬಹಳ ಸ್ಪಷ್ಟವಾಯಿತು. ಮಲ್ಲೇಶ್ವರದವರೇ, 2004ರ ಗೇಮನ್ನು ಅಕ್ಕನ ಮಗನಿಗೆ ಆಡಿಸಿ ನೋಡುವ ಆಸೆಯಾಗಿದೆ. ನನ್ನಲ್ಲಿ ಪಿಎಸ್2 ಇಲ್ಲ. ಪಿಸಿಗೂ ಅದೇ ಹೆಸರಿನ ಗೇಮ್ ಬಂದಿತ್ತಲ್ಲವೇ, ಅದು ಆದೀತೇ?

ಮಲ್ಲೇಶ್ವರದ ಹಳೇ ಕನ್ಸೋಲ್ ಬರೆದದ್ದು:

ಖಂಡಿತ ಬೇಡ. ಪಿಸಿಗೆ ಬಂದದ್ದು ಹೆಸರಿಗೆ ಮಾತ್ರ ಅದೇ. ಚಿಕ್ಕ ಮಕ್ಕಳಿಗೆಂದು ಬೇರೆಯಾಗಿ ಮಾಡಿದ ಸರಳ ಆಟ, ಕನ್ಸೋಲಿನ ಜೀಕಾಟ ಅದರಲ್ಲಿಲ್ಲ. ಪಿಎಸ್2 ಅಥವಾ ಮೊದಲ ತಲೆಮಾರಿನ ಎಕ್ಸ್‌ಬಾಕ್ಸ್ ಪ್ರತಿಯನ್ನೇ ಹುಡುಕಿ.