ಮೂರನೇ ಕ್ರಾಸ್ ಹುಂಜದ ವಿಷಯ: ದಯವಿಟ್ಟು ಎಲ್ಲರೂ ಓದಿ

ಭಾನುವಾರ

ಮನೆ 26: ಎಲ್ಲರಿಗೂ ನಮಸ್ಕಾರ. ಜಗಳಕ್ಕೆ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. 27ರ ಅಂಕಲ್ ಮನೆ ಹುಂಜ ದಿನಾ ಕಾಂಪೌಂಡ್ ಹಾರಿ ನಮ್ಮ ಹಿತ್ತಲಿಗೆ ಬರುತ್ತಿದೆ. ನಮ್ಮವು ಮೂರು ನಾಟಿ ಹೇಂಟೆ, ಮೂರೂ ಇನ್ನೂ ಮೊಟ್ಟೆಗೆ ಬಂದಿಲ್ಲ. ಅದರ ತಲೆ ಗೋಡೆ ಮೇಲೆ ಕಂಡರೆ ಸಾಕು, ದಿಕ್ಕಾಪಾಲಾಗಿ ಓಡುತ್ತವೆ. ನಿನ್ನೆ ಕೆಂಪಿಯನ್ನು ವಾಷಿಂಗ್ ಮೆಷಿನ್ ಸಂದಿಗೆ ಅಟ್ಟಿಸಿ ಹಿಡಿಯಿತು. ಬೆನ್ನ ಮೇಲೆ ಅಂಗೈ ಅಗಲ ಪುಕ್ಕವೇ ಇಲ್ಲ. ನೆತ್ತಿಯಲ್ಲಿ ರಕ್ತ. ಇವತ್ತು ಗೂಡು ಬಿಟ್ಟು ಬಂದಿಲ್ಲ. ನುಚ್ಚು ಹಾಕಿದರೂ ಒಂದು ಸಲ ಇಣುಕಿ ಒಳಗೆ ಹೋಗುತ್ತಾಳೆ. ಏನಾದರೂ ಮಾಡಬೇಕು ಅಲ್ವಾ?

ಮನೆ 30: ನಮ್ಮಲ್ಲೂ ಇದೇ ಕಥೆ. ನಾಲ್ಕು ಕೋಳಿ ಇದ್ದರೂ ಅದರ ಕಣ್ಣಿಗೆ ಬೀಳುವುದು ಕರಿ ಕೋಳಿ ಒಂದೇ. ಶುಕ್ರವಾರ ಸ್ಕೂಲಿಗೆ ಹೊರಟ ಮಗಳನ್ನೂ ಅಟ್ಟಿಸಿಕೊಂಡು ಬಂತು. ಸಾಕ್ಸ್ ಹರಿದಿದೆ, ಪುಣ್ಯಕ್ಕೆ ಕಾಲಿಗೆ ಏನೂ ಆಗಿಲ್ಲ.

ಮನೆ 24: ಹೇಂಟೆ ವಿಷಯ ನನಗೆ ಗೊತ್ತಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಕೂಗುತ್ತದೆ. ನಾನು ರಾತ್ರಿ ಪಾಳಿ ಮುಗಿಸಿ ಮೂರಕ್ಕೆ ಮಲಗುವವನು. ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಮನೆ 29: ಪರಿಹಾರ ಬಹಳ ಸುಲಭ. ಇವತ್ತು ಭಾನುವಾರ, ಮುದ್ದೆ ನಾನು ತಿರುವುತ್ತೇನೆ.

ಮನೆ 27: ತಪ್ಪು ನಮ್ಮದೇ, ಒಪ್ಪಿಕೊಂಡೆ. ಮೇ ತಿಂಗಳಲ್ಲಿ ಆರು ಗಿರಿರಾಜ ಮರಿ ತಂದೆ. ಒಂದು ದಿನದ ಮರಿ, ಗಂಡು ಯಾವುದು ಹೆಣ್ಣು ಯಾವುದು ನಮಗೆಲ್ಲಿ ತಿಳಿಯಬೇಕು? ಮೂರು ಬೆಕ್ಕಿನ ಪಾಲಾದವು. ಉಳಿದದ್ದು ಎರಡು ಹೇಂಟೆ, ಈ ಒಬ್ಬ ಹುಂಜ. ಐದು ತಿಂಗಳಾಯಿತು. ಮೊಮ್ಮಗ ರಾಜ ಅಂತ ಹೆಸರಿಟ್ಟಿದ್ದಾನೆ, ಆದ್ದರಿಂದ 29ರವರೇ, ಮುದ್ದೆಗೆ ಸೊಪ್ಪಿನ ಸಾರು ಮಾಡಿಕೊಳ್ಳಿ. ಇನ್ನೊಂದು ಮಾತು. ಗುರುವಾರ ಬೈಕಿನಲ್ಲಿ ಬಂದ ಒಬ್ಬರು ಇದಕ್ಕೆ 2,000 ಕೊಡುತ್ತೇನೆ ಅಂದರು. ಕೊಟ್ಟುಬಿಡಲಾ?

ಮನೆ 19: ಬೇಡ ಸರ್. ಮಾಂಸಕ್ಕೆ ಯಾರೂ ಅಷ್ಟು ಕೊಡುವುದಿಲ್ಲ. ನನಗೆ ಕೋಳಿ ಅಂಕದ ವಾಸನೆ ಬರುತ್ತಿದೆ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆ ಪ್ರಕಾರ ಅಪರಾಧ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ. ಹುಂಜ ಕೆಟ್ಟದ್ದಲ್ಲ, ಪ್ರಾಯಕ್ಕೆ ಬಂದಿದೆ ಅಷ್ಟೆ. ತೊಂದರೆ ಏನೆಂದರೆ, ಅದೇ ವಯಸ್ಸಿನ ಹೇಂಟೆಗಳಿಗಿಂತ ಹುಂಜ ಮೊದಲು ಪ್ರಾಯಕ್ಕೆ ಬರುತ್ತದೆ. ನಾಟಿ ಹೇಂಟೆ ಮೊಟ್ಟೆ ಇಡಲು ಆರೇಳು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹೇಂಟೆ ಹುಂಜ ಬಂದಾಗ ತಗ್ಗಿ ಕೂರುವುದಿಲ್ಲ, ಓಡುತ್ತದೆ. ಓಡಿದರೆ ಹುಂಜ ಅಟ್ಟಿಸಿ, ನೆತ್ತಿಯ ಪುಕ್ಕ ಕಚ್ಚಿ, ಬೆನ್ನು ಹತ್ತಿ ನಿಲ್ಲುತ್ತದೆ. ಕಾಲಿನ ಮುಳ್ಳು ಈ ವಯಸ್ಸಿಗೆ ಬರೀ ಮೊಗ್ಗು. ಬೆನ್ನು ಹರಿಯುವುದು ಉಗುರಿನಿಂದ. ಅದರ ಮೇಲೆ ತೂಕ ಬೇರೆ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆಂದೇ ಮಾಡಿದ ತಳಿ, ಆದರೆ ನಾಟಿಗಿಂತ ಬಹಳ ದಪ್ಪ. ಕೆಂಪಿ ಒಂದೂಕಾಲು ಕೆಜಿ ಇದ್ದಾಳೋ ಇಲ್ಲವೋ.

ಹುಂಜವನ್ನು ಒಂದು ತಿಂಗಳು ಬೇರೆ ಇಡಿ. ಕತ್ತಲ ಕೋಣೆಯಲ್ಲಿ ಬೇಡ. ಜಾಲರಿ ಕಟ್ಟಿ, ಹೇಂಟೆಗಳು ಕಣ್ಣಿಗೆ ಕಾಣಲಿ, ಮೈಗೆ ಸಿಗದಿರಲಿ. ಕೆಂಪಿಯನ್ನೂ ಗಾಯ ಒಣಗುವವರೆಗೆ ಪ್ರತ್ಯೇಕ ಇಡಿ ಮೇಡಂ. ರಕ್ತ ಕಂಡರೆ ಜೊತೆಯ ಕೋಳಿಗಳೇ ಕುಕ್ಕಿ ಕುಕ್ಕಿ ದೊಡ್ಡದು ಮಾಡುತ್ತವೆ.

ಮನೆ 22: ಹುಂಜ ಇಲ್ಲದಿದ್ದರೆ ಮೊಟ್ಟೆ ಇಡುತ್ತವಾ?

ಮನೆ 19: ಇಡುತ್ತವೆ. ಕಾವಿಗೆ ಕೂರಿಸಿದರೆ ಮರಿ ಆಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಮನೆ 31: ಅಜ್ಜಿ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. "ನಮ್ಮೂರಲ್ಲಿ ಎಳೆ ಹುಂಜ ಹಾರಾಡಿದರೆ ಹಳೇ ಹೇಂಟೆಗಳೇ ಬುದ್ಧಿ ಕಲಿಸುತ್ತಿದ್ದವು. ಇವನಿಗೆ ಮನೆಯಲ್ಲಿ ಹಿರಿಯರೇ ಇಲ್ಲ. ಒಳ್ಳೆ ಹುಂಜ ಕಾಳು ಕಂಡರೆ ತಾನು ತಿನ್ನದೆ ಕೊಕ್ ಕೊಕ್ ಅಂತ ಹೇಂಟೆಯನ್ನು ಕರೆಯುತ್ತದೆ. ಒಂದು ರೆಕ್ಕೆ ಇಳಿಬಿಟ್ಟು ಸುತ್ತ ಕುಣಿಯುತ್ತದೆ. ಇದು ಅದೇನೂ ಇಲ್ಲದೆ ನೇರ ಮೇಲೆ ಬೀಳುತ್ತೆ. ನಮ್ಮ ತಂಗಿ ಮನೆಯಲ್ಲಿ ಎರಡು ಹಳೇ ಹೇಂಟೆ ಇವೆ, ತರಿಸುತ್ತೇನೆ. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಮ್ಮ."

ಮನೆ 19: ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಹಳ್ಳಿಯಿಂದ ಬಂದ ಕೋಳಿಯನ್ನು ಮೂರು ವಾರ ದೂರ ಇಟ್ಟು ನೋಡಿ ಆಮೇಲೆ ಸೇರಿಸೋಣ. ಕೊಕ್ಕರೆ ರೋಗ ಬಂದರೆ ಇಡೀ ಕ್ರಾಸಿನ ಕೋಳಿ ಖಾಲಿ.

ಮನೆ 30: ಮಗಳ ವಿಷಯ ಏನು ಮಾಡೋದು ಸರ್?

ಮನೆ 19: ಒಂದು ಕೇಳಲಾ? ಯಾರಾದರೂ ಅದನ್ನು ಒದೆಯುತ್ತಿದ್ದರಾ?

ಮನೆ 27: ಮೊಮ್ಮಗ. ಕಾಲು ಮುಂದೆ ಚಾಚಿ ಕೆಣಕುತ್ತಿದ್ದ, ಅದು ಹಾರಿ ಹೊಡೆಯುತ್ತಿತ್ತು. ಚಿಕ್ಕದಿದ್ದಾಗ ನಾವೆಲ್ಲ ನಗುತ್ತಿದ್ದೆವು.

ಮನೆ 19: ಸಿಕ್ಕಿತು. ಅದಕ್ಕೆ ಕಾಲು ಅಂದರೆ ಕುಸ್ತಿ. ಒದೆಯಬೇಡಿ, ಓಡಲೂಬೇಡಿ. ದೊಡ್ಡವರು ದಿನಾ ಹಿಡಿದು ಕಂಕುಳಲ್ಲಿ ಅವುಚಿಕೊಂಡು ಹತ್ತು ನಿಮಿಷ ಓಡಾಡಿ. ಹಾಗೇ ಉಗುರಿನ ಚೂಪು ತುದಿ ಅರದಿಂದ ಉಜ್ಜಿ.

ಮನೆ 24: ಕೂಗು?

ಮನೆ 19: ಅದು ಬೆಳಕು ನೋಡಿ ಕೂಗುವುದಲ್ಲ, ಮೈಯೊಳಗಿನ ಗಡಿಯಾರ. ಬಾಯಿ ಮುಚ್ಚಿಸಲು ಆಗಲ್ಲ. ರಾತ್ರಿ ಗೂಡನ್ನು ನಿಮ್ಮ ಕಿಟಕಿ ಕಡೆಯಿಂದ ಆಚೆಗೆ ಸರಿಸಬಹುದು.

ಕಾರ್ಯದರ್ಶಿ: ಸರಿ, ಹಂಚಿಕೊಳ್ಳೋಣ. 27ರ ಗೋಡೆ ಪಕ್ಕದ ಮರಳಿನ ರಾಶಿಯೇ ಅದಕ್ಕೆ ಮೆಟ್ಟಿಲು. ನಾಳೆ ಸಂಜೆ ನಾನು, 29, 22 ಸೇರಿ ಅದನ್ನು ತೆಗೆಯುತ್ತೇವೆ. ಜಾಲರಿ ಖರ್ಚು 27ರದ್ದು. ಕೆಂಪಿಯ ಬೆನ್ನು ಕಾಯಲು ಒಂದು ಬಟ್ಟೆ ಬೇಕು, ಹೊಲಿಯುವವರು ಯಾರು?

ಮನೆ 28: ನಾನು. ಹಳೇ ಜೀನ್ಸ್ ಇದೆ. ರೆಕ್ಕೆಗೆ ಎಲಾಸ್ಟಿಕ್ ಹಾಕಿ ಬೆನ್ನು ಮುಚ್ಚುವ ಹಾಗೆ ಮಾಡಿಕೊಡುತ್ತೇನೆ. ಅಳತೆಗೆ ಕೆಂಪಿಯನ್ನು ಕರೆತನ್ನಿ.

ಮನೆ 19: ಗಾಯ ಒಣಗಿದ ಮೇಲೆ ಹಾಕಿ. ವಾರಕ್ಕೊಮ್ಮೆ ಬಿಚ್ಚಿ ಹೇನು ನೋಡಿ. ಕಿತ್ತ ಪುಕ್ಕ ಬೇಗ ಬರುತ್ತದೆ, ಮುರಿದ ಪುಕ್ಕ ಮಾತ್ರ ಕೋಳಿ ಪುಕ್ಕ ಉದುರಿಸುವ ಕಾಲದವರೆಗೆ ಹಾಗೇ ಇರುತ್ತದೆ.

ಐದು ವಾರದ ನಂತರ

ಮನೆ 27: ನಿನ್ನೆ ಅಜ್ಜಿಯ ಎರಡು ಹೇಂಟೆಗಳ ಜೊತೆ ರಾಜನನ್ನು ಬಿಟ್ಟೆವು. ಜಂಬದಿಂದ ಎದೆ ಉಬ್ಬಿಸಿ ಹೋದ. ಬೂದು ಹೇಂಟೆ ತಿರುಗಿ ಜುಟ್ಟಿಗೆ ಒಂದು ಕೊಟ್ಟಳು. ತಲೆ ಒದರಿ, ಏನೂ ಆಗಿಲ್ಲ ಅನ್ನುವ ಹಾಗೆ ನೆಲ ಕುಕ್ಕುತ್ತಾ ನಿಂತ. ನೆಲದಲ್ಲಿ ಒಂದು ಕಾಳೂ ಇರಲಿಲ್ಲ!

ಮನೆ 19: ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇದ್ದರೆ ಒಳ್ಳೆಯದು. ಎಲ್ಲರ ಮನೆಯದೂ ಸೇರಿ ಈಗ ಹನ್ನೊಂದಾಯಿತು. 27ರ ಹಿತ್ತಲು ದೊಡ್ಡದು, ಹಗಲು ಎಲ್ಲವನ್ನೂ ಅಲ್ಲೇ ಬಿಡೋಣ. ಒಪ್ಪಿಗೆ ಇದ್ದವರು ಹೇಳಿ. ಮೊಟ್ಟೆಗೆ ಬಾರದವು ಇನ್ನೂ ಒಳಗೇ ಇರಲಿ. ಬೆನ್ನಿಗೆ ಕೈ ಚಾಚಿದಾಗ ಓಡದೆ ತಗ್ಗಿ ಕೂತರೆ ಸಮಯ ಬಂತು ಅಂತ ತಿಳಿಯಿರಿ.

ಮನೆ 30: ನಮ್ಮದು ಒಪ್ಪಿಗೆ. ಕರಿ ಕೋಳಿಗೂ ಒಂದು ಬಟ್ಟೆ ಬೇಕು, 28ರ ಅಕ್ಕಾ.

ಮನೆ 26: ಇವತ್ತು ಬೆಳಿಗ್ಗೆ ಕೆಂಪಿಯ ಜೀನ್ಸ್ ಸರಿಮಾಡಲು ಕೈ ಹಾಕಿದೆ. ಓಡಲಿಲ್ಲ. ರೆಕ್ಕೆ ಸ್ವಲ್ಪ ಅಗಲಿಸಿ ತಗ್ಗಿ ಕೂತಳು. ಸರ್, ಇದೇನಾ?

ಮನೆ 19: ಅದೇ. ಬುಟ್ಟಿಗೆ ಒಣ ಹುಲ್ಲು ಹಾಕಿಡಿ.

ಮನೆ 24: ನಾಲ್ಕೂವರೆ ಈಗ ನಾಲ್ಕೂಕಾಲಾಗಿದೆ. ಸುಮ್ನೆ ತಿಳಿಸಿದೆ.