ಸಹಾಯ ಬೇಕು: ಹೊಸ .315 ರೈಫಲ್ ಬ್ಯಾರಲ್ ಹದ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಪಾವಗಡ ಕಡೆ ಕಡ್ಲೆಕಾಯಿ ಹೊಲ. ಅಪ್ಪನ ಲೈಸೆನ್ಸ್ ಮೇಲೆ ಹೊಸ .315 ಬೋಲ್ಟ್ ಆಕ್ಷನ್ ರೈಫಲ್ ಬಂದಿದೆ. ಬ್ಯಾರಲ್ ಒಳಗೆ ಫ್ಯಾಕ್ಟರಿ ಗ್ರೀಸ್ ದಪ್ಪಗೆ ಮೆತ್ತಿತ್ತು. ಮೊದಲ ಬಟ್ಟೆ ತುಂಡು ಕಂದು ಬಣ್ಣಕ್ಕೆ ತಿರುಗಿ ಹೊರಗೆ ಬಂತು. ಒಣ ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಿದ್ದೇವೆ.

ಹದ ಮಾಡೋದು ಅಂದ್ರೆ ಮೊದಮೊದಲು ಒಂದೊಂದು ಗುಂಡು ಹೊಡೆದ ಮೇಲೂ ಬ್ಯಾರಲ್ ಕ್ಲೀನ್ ಮಾಡಬೇಕು, ಆಗ ಒಳಗಿನ ಸಣ್ಣ ತರಿಗಳು ಸವೆದು ಗುಂಡಿನ ಹೊರಕವಚದ ತಾಮ್ರ ಕಡಿಮೆ ಅಂಟುತ್ತೆ ಅಂತಾರೆ ಕೆಲವರು. ಅದೆಲ್ಲ ಸುಮ್ನೆ, ಜಾಸ್ತಿ ಉಜ್ಜಿದರೇ ಬ್ಯಾರಲ್ ಹಾಳು ಅಂತಾರೆ ಇನ್ನು ಕೆಲವರು. ನಮಗೆ ಸಿಗೋ ಕಾರ್ಟ್ರಿಜ್‌ಗೆ ಮಿತಿ ಇದೆ. ಹದ ಮಾಡೋಕೇ ಅಷ್ಟೊಂದು ಖರ್ಚು ಮಾಡೋದು ಸರಿಯಲ್ಲ ಅನ್ನಿಸುತ್ತೆ. ರೇಂಜ್‌ನಲ್ಲಿ ಹೊಡೆದು ನೋಡಿದವರು ಹೇಳಿ, ನಿಜವಾಗ್ಲೂ ವ್ಯತ್ಯಾಸ ಕಾಣುತ್ತಾ?

ಬೋಲ್ಟ್ ತೆಗೆದು ಹಿಂದಿನಿಂದಲೇ ಕ್ಲೀನಿಂಗ್ ರಾಡ್ ಹಾಕ್ತೀವಿ. ಮೂತಿ ಕಡೆಯಿಂದ ಹಾಕಿದರೆ ಅಂಚು ಸವೆದು ಗುರಿ ಕೆಡುತ್ತೆ, ಅಲ್ವಾ? ತಾಮ್ರ ಕರಗಿಸೋ ಅಮೋನಿಯಾ ಸಾಲ್ವೆಂಟ್ ಹಾಕಿದಾಗ ಬಟ್ಟೆ ನೀಲಿ-ಹಸಿರಾದರೆ ತಾಮ್ರ ಇನ್ನೂ ಇದೆ ಅಂತ ಗೊತ್ತು. ಆದರೆ ಕಂಚಿನ ಬ್ರಷ್‌ನಿಂದಲೂ ಅದೇ ಬಣ್ಣ ಬರುತ್ತಲ್ಲ, ಅದಕ್ಕೆ ನೈಲಾನ್ ಬ್ರಷ್ ವಾಸಿನಾ? ತುಮಕೂರಲ್ಲಿ ಇಂಥ ಸಾಲ್ವೆಂಟ್, ಸರಿಯಾದ ಅಳತೆ ರಾಡ್ ಎಲ್ಲಿ ಸಿಗುತ್ತೆ? ಇದೇ ಬೋರ್ ಇಟ್ಕೊಂಡಿರೋರು ದಯವಿಟ್ಟು ತಿಳಿಸಿ.