ಕಾರ್ಖಾನೆ ಎಚ್‌ಆರ್‌ಗೆ ಹೊಸಬ: ಮೊದಲು ಏನು ಕಲಿಯಲಿ?

ಪೀಣ್ಯದ ಹೊಸಬ
ಎಲ್ಲರಿಗೂ ನಮಸ್ಕಾರ. ಎಂಬಿಎ ಮುಗಿಸಿ ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಗೆ ಸೇರಿದ್ದೇನೆ. ಅರವತ್ತು ಜನ ಕಾರ್ಮಿಕರು, ಎಚ್‌ಆರ್ ಅಂತ ಇರೋದು ನಾನೊಬ್ಬನೇ. ಮೊದಲ ಮೂರು ತಿಂಗಳಲ್ಲಿ ಯಾವುದನ್ನು ಗಟ್ಟಿ ಮಾಡಿಕೊಳ್ಳಲಿ? ಇನ್ನೊಂದು ಅವಸರದ ಪ್ರಶ್ನೆ: ಜುಲೈ ಇನ್‌ಕ್ರಿಮೆಂಟಲ್ಲಿ ಒಬ್ಬರ ಸಂಬಳ 20,400ರಿಂದ 21,800 ಆಯ್ತು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ನಿಲ್ಲಿಸಬೇಕಾ?

ಪೇರೋಲ್ ಮೇಷ್ಟ್ರು
ದಯವಿಟ್ಟು ನಿಲ್ಲಿಸಬೇಡಿ. ಇಎಸ್‌ಐ ವಂತಿಗೆಗೆ ಏಪ್ರಿಲ್–ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್–ಮಾರ್ಚ್ ಇನ್ನೊಂದು. ಅವಧಿ ಶುರುವಾದಾಗ 21,000ದ ಒಳಗಿದ್ದವರು ನಡುವೆ ದಾಟಿದರೂ ಆ ಅವಧಿ ಮುಗಿಯುವ ತನಕ ಕಟ್ಟಲೇಬೇಕು. ಅದೂ ಪೂರ್ತಿ 21,800ರ ಮೇಲೆ: ಕಾರ್ಮಿಕರ ಪಾಲು 0.75%, ಅಂದರೆ 163.50, ಮೇಲಕ್ಕೇರಿಸಿ 164 ರೂಪಾಯಿ. ಕಂಪನಿಯ ಪಾಲು 3.25%, ಅಂದರೆ 709.

ಈಗ ನಿಲ್ಲಿಸಿದರೆ ಪೆಟ್ಟು ಬೀಳೋದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಆಗ ಕಾಯಿಲೆ ರಜೆಗೆ 70% ಸಂಬಳ ಸಿಗಬೇಕಾದರೆ ಏಪ್ರಿಲ್–ಸೆಪ್ಟೆಂಬರಲ್ಲಿ 78 ದಿನದ ವಂತಿಗೆ ಇರಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನ 91 ದಿನಗಳಲ್ಲಿ ಆತ 15 ದಿನ ಸಂಬಳವಿಲ್ಲದ ರಜೆ ಹಾಕಿದ್ದರೆ ಉಳಿಯೋದು 76. ಎರಡೇ ದಿನ ಕಮ್ಮಿಯಾಗಿ ದುಡ್ಡು ಕೈತಪ್ಪುತ್ತೆ.

ಹಾಗಾಗಿ ಮೊದಲು ಕಲಿಯಬೇಕಾದ್ದು ಇದೇ: ಒಂದು ಪೇಸ್ಲಿಪ್ಪನ್ನು ಸಾಫ್ಟ್‌ವೇರ್ ಇಲ್ಲದೆ ಹಾಳೆ ಮೇಲೆ ಲೆಕ್ಕ ಹಾಕೋದು. ಪಿಎಫ್ (ಭವಿಷ್ಯ ನಿಧಿ) ಕಾರ್ಮಿಕರದೂ ಕಂಪನಿಯದೂ ತಲಾ 12%. ಕಂಪನಿ ಪಾಲಿನಲ್ಲಿ 8.33% ಪಿಂಚಣಿಗೆ ಹೋಗುತ್ತೆ, ಅದಕ್ಕೆ ಸಂಬಳದ ಮಿತಿ 15,000; ಉಳಿದದ್ದು ಪಿಎಫ್ ಖಾತೆಗೆ. ಪಿಎಫ್, ಇಎಸ್‌ಐ ಎರಡಕ್ಕೂ ಮುಂದಿನ ತಿಂಗಳ 15ನೇ ತಾರೀಕು ಕೊನೆ. 2026ರ ಮಾರ್ಚ್ ತನಕ ಇದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ, ಕಾರ್ಮಿಕರಿಂದ ಹಿಡಿದ ಪಿಎಫ್ ಒಂದು ದಿನ ತಡವಾದರೂ ಕಂಪನಿ ಅದನ್ನು ಖರ್ಚೆಂದು ತೋರಿಸುವಂತಿರಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತ್ತು.

ಕಡತ ನೋಡುವವಳು
ಮೇಷ್ಟ್ರು ಹೇಳಿದ್ದು ಸರಿ, ಆದರೆ ಅರ್ಧ ತಲೆನೋವು ಹುಟ್ಟೋದು ಸೇರುವ ದಿನದ ಫಾರಂನಲ್ಲೇ. ನಮ್ಮ ಕಡೆ ಇನಿಷಿಯಲ್ ಸಮಸ್ಯೆ ದೊಡ್ಡದು. ಆಧಾರ್‌ನಲ್ಲಿ ‘ಮಂಜುನಾಥ’, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’, ಬ್ಯಾಂಕ್ ಪಾಸ್‌ಬುಕ್ಕಲ್ಲಿ ‘ಕೆಂಪಯ್ಯ ಮಂಜುನಾಥ’. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಹುಟ್ಟಿದ ತಾರೀಕನ್ನೂ ತಾಳೆ ನೋಡಿ. ಆಧಾರ್‌ನಲ್ಲಿ ಇರೋ ಹಾಗೇ ಯುಎಎನ್‌ಗೆ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಹಾಕಿ. ಇಲ್ಲದಿದ್ದರೆ ಮಗಳ ಮದುವೆಗೆ ಪಿಎಫ್ ತೆಗೆಯಲು ಹೋದಾಗ ಅರ್ಜಿ ವಾಪಸ್ ಬರುತ್ತೆ.

ಕೆಲಸ ಬಿಟ್ಟವರ ಎಕ್ಸಿಟ್ ದಿನಾಂಕ ಪಿಎಫ್ ಪೋರ್ಟಲ್‌ನಲ್ಲಿ ಹಾಕೋದನ್ನು ಮರೆಯಬೇಡಿ. ಬಾಕಿ ಸಂಬಳ ‘ಮುಂದಿನ ತಿಂಗಳ ಪೇರೋಲಲ್ಲಿ’ ಅನ್ನುವ ಹಳೇ ಪದ್ಧತಿಯನ್ನೂ ಬಿಡಿ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಯಲ್ಲಿದೆ. ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನದೊಳಗೆ ಕೊಡಬೇಕು.

ಕಾರ್ಮಿಕ ಕಾನೂನು
ಮೂರನೆಯದು ನೋಟಿಸ್ ಬರೆಯೋ ಕಲೆ. ‘ಪದೇ ಪದೇ ಅನುಚಿತ ವರ್ತನೆ’ ಅಂತಷ್ಟೇ ಬರೆದ ಶೋಕಾಸ್ (ಕಾರಣ ಕೇಳುವ ನೋಟಿಸ್) ನಿಲ್ಲೋದಿಲ್ಲ. ಯಾವ ದಿನ, ಯಾವ ಶಿಫ್ಟ್, ಯಾವ ಮಷಿನ್ ಹತ್ತಿರ, ಏನಾಯ್ತು, ಯಾರು ನೋಡಿದರು ಅಂತ ಬರೆಯಿರಿ, ಅದೂ ಆತ ಓದಬಲ್ಲ ಭಾಷೆಯಲ್ಲಿ. ತಗೊಳ್ಳಲು ಒಪ್ಪದಿದ್ದರೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಮನೆ ವಿಳಾಸಕ್ಕೆ ಅಂಚೆಯಲ್ಲೂ ಕಳಿಸಿ. ದೂರು ಕೊಟ್ಟ ಸೂಪರ್‌ವೈಸರನ್ನೇ ವಿಚಾರಣಾಧಿಕಾರಿ ಮಾಡಬೇಡಿ, ಇಡೀ ವಿಚಾರಣೆಯೇ ಬಿದ್ದುಹೋಗುತ್ತೆ. ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಕೊಡಬೇಕು. ಆ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಪೀಣ್ಯದ ಹೊಸಬ
ತುಂಬಾ ಧನ್ಯವಾದ. ಹಾಗಾದರೆ ಅಕ್ಟೋಬರ್ ಸಂಬಳದಿಂದ ಅವರ ಇಎಸ್‌ಐ ನಿಲ್ಲಿಸಬಹುದಾ?

ಪೇರೋಲ್ ಮೇಷ್ಟ್ರು
ಹೌದು, ಅಕ್ಟೋಬರ್ 1ಕ್ಕೆ ಸಂಬಳ 21,000ಕ್ಕಿಂತ ಮೇಲಿದ್ದರೆ.